ಬಟನ್ ಒತ್ತಿದ್ದೆಲ್ಲ ಆರ್ಡರ್ ಅಲ್ಲ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ತಂದೆಯವರ ಕಿರಾಣಿ ಅಂಗಡಿ ಇದೆ. ಒಂದೂವರೆ ವರ್ಷದಿಂದ ಆಪ್ ಮೂಲಕವೂ ಆರ್ಡರ್ ತೆಗೆದುಕೊಳ್ಳುತ್ತಿದ್ದೇವೆ. ಆಂಡ್ರಾಯ್ಡ್ ಮಾತ್ರ. ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ (ಆಂಡ್ರಾಯ್ಡ್ ಪರದೆ ಕಟ್ಟಲು ಗೂಗಲ್ ಕೊಟ್ಟಿರುವ ಟೂಲ್) ಬರೆದದ್ದು, ಕನ್ನಡ, ಇಂಗ್ಲಿಷ್ ಎರಡೂ ಇದೆ. ತಿಂಗಳಿಗೆ ಸುಮಾರು 2,000 ಜನ ಬಳಸುತ್ತಾರೆ. ಜನ ಆಪ್ ಹೇಗೆ ಬಳಸುತ್ತಾರೆ ಅಂತ ಲೆಕ್ಕ ಇಡುವ ಗೂಗಲ್‌ನ ಫೈರ್‌ಬೇಸ್ ಅನಾಲಿಟಿಕ್ಸ್ ಹಾಕಿದ್ದೇವೆ, ಆದರೆ ಯಾವ ಸ್ಕ್ರೀನ್ ಜಾಸ್ತಿ ನೋಡಿದ್ದಾರೆ ಅಂತ ತೆರೆದರೆ ಎಲ್ಲದಕ್ಕೂ ‘ಮೇನ್ ಆಕ್ಟಿವಿಟಿ’ ಅಂತಲೇ ಬರುತ್ತದೆ. ನಮ್ಮ ಇಬ್ಬರು ಡೆವಲಪರ್‌ಗಳಲ್ಲಿ ಒಬ್ಬರು ‘ಎಲ್ಲ ಕ್ಲಿಕ್ಕನ್ನೂ ತಾನಾಗಿ ಹಿಡಿಯುವ ಟೂಲ್ ಹಾಕಿಬಿಡೋಣ, ಕೋಡ್ ಬರೆಯೋ ತಲೆನೋವಿಲ್ಲ’ ಅನ್ನುತ್ತಾರೆ. ಇನ್ನೊಬ್ಬರು ‘ಒಂದೊಂದು ಇವೆಂಟನ್ನೂ ನಾವೇ ಬರೆಯಬೇಕು, ಇಲ್ಲಾಂದ್ರೆ ಬರೀ ಕಸ’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಎರಡನೆಯವರ ಮಾತು ಕೇಳಿ. ಆದರೆ ‘ಒಂದೊಂದನ್ನೂ’ ಅನ್ನುವ ಪದವನ್ನು ಅವರ ಬಾಯಿಂದ ತೆಗೆಸಿ. ಇವೆಂಟ್ ಅಂದರೆ ‘ಇಂಥದ್ದು ನಡೆಯಿತು’ ಅಂತ ಅನಾಲಿಟಿಕ್ಸ್‌ಗೆ ಹೋಗುವ ಒಂದು ದಾಖಲೆ. ಹತ್ತು ಹನ್ನೆರಡು ಇವೆಂಟ್ ಕೈಯಿಂದ ಬರೆದರೆ ನಿಮಗೆ ಸಾಕು.

ನಿಮ್ಮ ತಂದೆಯವರ ಅಂಗಡಿಯಿಂದಲೇ ಶುರು ಮಾಡುತ್ತೇನೆ. ಗಲ್ಲಾ ಮೇಲೆ ಒಂದು ಕ್ಯಾಮೆರಾ ಇದೆ ಅಂದುಕೊಳ್ಳಿ. ಯಾರು ಬಂದರು, ಎಷ್ಟು ಹೊತ್ತು ನಿಂತರು, ಯಾವ ಡಬ್ಬಿ ಮುಟ್ಟಿದರು, ಎಲ್ಲ ಅದರಲ್ಲಿರುತ್ತದೆ. ಪಕ್ಕದಲ್ಲೇ ಲೆಕ್ಕದ ಪುಸ್ತಕ ಇದೆ. ರಾತ್ರಿ ಅಂಗಡಿ ಮುಚ್ಚುವಾಗ ನಿಮ್ಮ ತಂದೆ ಕ್ಯಾಮೆರಾ ನೋಡಿ ವ್ಯಾಪಾರದ ಲೆಕ್ಕ ಹಾಕುವುದಿಲ್ಲ, ಪುಸ್ತಕ ತೆಗೆಯುತ್ತಾರೆ. ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ ಅನ್ನಿಸಿದ ದಿನ ಮಾತ್ರ ಕ್ಯಾಮೆರಾ ಹತ್ತಿರ ಹೋಗುತ್ತಾರೆ. ಆಟೋ ಟ್ರ್ಯಾಕಿಂಗ್ ಅಂದರೆ ಆ ಕ್ಯಾಮೆರಾ. ಬೆರಳು ಎಲ್ಲಿ ಮುಟ್ಟಿತು ಅನ್ನುವುದು ಅದಕ್ಕೆ ಗೊತ್ತು. ವ್ಯಾಪಾರದಲ್ಲಿ ಏನಾಯಿತು ಅನ್ನುವುದು ಗೊತ್ತಿಲ್ಲ. ಕೈಯಿಂದ ಬರೆಯುವ ಇವೆಂಟ್ ಅಂದರೆ ಆ ಪುಸ್ತಕ.

ಮೊದಲು ‘ಮೇನ್ ಆಕ್ಟಿವಿಟಿ’ ವಿಷಯ ಮುಗಿಸಿಬಿಡೋಣ. ಆಂಡ್ರಾಯ್ಡ್‌ನಲ್ಲಿ ಫೈರ್‌ಬೇಸ್ ತಾನಾಗಿ ಸ್ಕ್ರೀನ್ ಲೆಕ್ಕ ಹಾಕುವುದು ಆಕ್ಟಿವಿಟಿ, ಅಂದರೆ ಪರದೆಯನ್ನು ಹೊತ್ತಿರುವ ಚೌಕಟ್ಟು, ಬದಲಾದಾಗ. ಹಳೆಯ ಕಾಲದ ಆಪ್‌ಗಳಲ್ಲಿ ಒಂದೊಂದು ಪರದೆಗೂ ಒಂದೊಂದು ಆಕ್ಟಿವಿಟಿ ಇರುತ್ತಿತ್ತು, ಹಾಗಾಗಿ ನಡೆಯುತ್ತಿತ್ತು. ಕಂಪೋಸ್‌ನಲ್ಲಿ ಸಾಮಾನ್ಯವಾಗಿ ಇಡೀ ಆಪ್‌ಗೆ ಒಂದೇ ಆಕ್ಟಿವಿಟಿ, ಅದರೊಳಗೆ ಪರದೆಗಳು ಬದಲಾಗುತ್ತವೆ. ಫೈರ್‌ಬೇಸ್ ಹೊರಗಿನ ಬಾಗಿಲು ಮಾತ್ರ ನೋಡುತ್ತಿದೆ, ಒಳಗಿನ ಕೋಣೆಗಳು ಅದಕ್ಕೆ ಕಾಣುವುದಿಲ್ಲ. ಮ್ಯಾನಿಫೆಸ್ಟ್‌ನಲ್ಲಿ (ಆಪ್‌ನ ಮೂಲ ವಿವರ ಇರುವ ಫೈಲ್) ಆಟೋಮ್ಯಾಟಿಕ್ ಸ್ಕ್ರೀನ್ ರಿಪೋರ್ಟಿಂಗ್ ಆಫ್ ಮಾಡಲು ಒಂದು ಸಾಲಿದೆ, ಅದನ್ನು ಹಾಕಿ. ಆಮೇಲೆ ನ್ಯಾವಿಗೇಷನ್ ಬದಲಾಗುವ ಒಂದೇ ಜಾಗದಲ್ಲಿ ‘ಸ್ಕ್ರೀನ್ ವ್ಯೂ’ ಇವೆಂಟನ್ನು ನೀವೇ ಕಳಿಸಿ. ಅರ್ಧ ದಿನದ ಕೆಲಸ. ನೋಡಿ, ‘ತಾನಾಗಿ ಬರುತ್ತದೆ’ ಅಂದುಕೊಂಡದ್ದನ್ನೇ ಕೈಯಿಂದ ಬರೆಯುವ ಹಾಗಾಯಿತು, ಅಲ್ವಾ?

ಹಾಗಂತ ಫೈರ್‌ಬೇಸ್ ತಾನಾಗಿ ತರುವ ಬೇರೆಯದನ್ನು ಬಿಸಾಡಬೇಡಿ. ಆಪ್ ಮೊದಲ ಸಲ ತೆರೆದದ್ದು, ಸೆಷನ್ (ಒಂದು ಸಲ ಆಪ್ ಬಳಸಿದ ಅವಧಿ) ಶುರುವಾದದ್ದು, ಆಪ್ ಅಪ್‌ಡೇಟ್ ಆದದ್ದು, ಫೋನಿನಿಂದ ತೆಗೆದುಹಾಕಿದ್ದು, ಇದೆಲ್ಲ ಚೆನ್ನಾಗಿಯೇ ಬರುತ್ತದೆ. ಇವನ್ನು ಮತ್ತೆ ಬರೆಯಲು ಕೂರುವುದು ಸುಮ್ನೆ ಕಾಲಹರಣ. ಅರ್ಥ ಮಾತ್ರ ಸರಿಯಾಗಿ ತಿಳಿದುಕೊಳ್ಳಿ. ‘ಫಸ್ಟ್ ಓಪನ್’ ಅಂದರೆ ಡೌನ್‌ಲೋಡ್ ಅಲ್ಲ. ಇಳಿಸಿಕೊಂಡು ಒಮ್ಮೆಯೂ ತೆರೆಯದವರು ಅದರಲ್ಲಿ ಇಲ್ಲ, ತೆಗೆದುಹಾಕಿ ಮತ್ತೆ ಹಾಕಿಕೊಂಡವರು ಇನ್ನೊಮ್ಮೆ ಬರುತ್ತಾರೆ. ಸೆಷನ್ ಮುಗಿಯುವ ಗಡುವು ಮೊದಲಿಂದ 30 ನಿಮಿಷಕ್ಕೆ ಇಟ್ಟಿರುತ್ತಾರೆ. ‘ಇನ್ ಆಪ್ ಪರ್ಚೇಸ್’ ಅನ್ನುವುದೂ ತಾನಾಗಿ ಬರುವ ಪಟ್ಟಿಯಲ್ಲಿದೆ, ಅದನ್ನು ನೋಡಿ ಖುಷಿಪಡಬೇಡಿ. ಅದು ಪ್ಲೇ ಸ್ಟೋರ್ ಬಿಲ್ಲಿಂಗ್ ಮೂಲಕ ಆಗುವ ಖರೀದಿಗೆ. ನಿಮ್ಮ ತೊಗರಿಬೇಳೆಯ ದುಡ್ಡು ಆ ದಾರಿಯಲ್ಲಿ ಬರುವುದೇ ಇಲ್ಲ.

ಇನ್ನು ಮೊದಲ ಡೆವಲಪರ್ ಹೇಳುವ ಟೂಲ್‌ಗಳು. ಹೀಪ್ ಅನ್ನುವ ಅಮೆರಿಕದ ಕಂಪನಿ 2013ರಲ್ಲಿ ಈ ವಿಚಾರವನ್ನೇ ಮುಂದಿಟ್ಟುಕೊಂಡು ಶುರುವಾಯಿತು: ಎಲ್ಲವನ್ನೂ ಹಿಡಿದಿಡಿ, ಏನು ಬೇಕು ಅಂತ ಆಮೇಲೆ ಯೋಚಿಸಿ. ಈಗ ಪೋಸ್ಟ್‌ಹಾಗ್, ಆಂಪ್ಲಿಟ್ಯೂಡ್, ಮಿಕ್ಸ್‌ಪ್ಯಾನೆಲ್ ಅನ್ನುವ ಟೂಲ್‌ಗಳೆಲ್ಲದರಲ್ಲೂ ಹೀಗೆ ತಾನಾಗಿ ಹಿಡಿಯುವ ‘ಆಟೋಕ್ಯಾಪ್ಚರ್’ ಇದೆ. ಇದರಲ್ಲಿ ನಿಜವಾದ ಲಾಭ ಒಂದಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೈಯಿಂದ ಬರೆಯುವ ಇವೆಂಟ್ ಒಂದನ್ನು ಮರೆತಿರಿ ಅಂದುಕೊಳ್ಳಿ. ಕೋಡ್ ಬರೆದು, ಹೊಸ ರಿಲೀಸ್ ಕೊಟ್ಟು, ಜನ ಅಪ್‌ಡೇಟ್ ಮಾಡಿಕೊಂಡ ಮೇಲೆ ಲೆಕ್ಕ ಶುರು. ಹಿಂದಿನ ಮೂರು ತಿಂಗಳದ್ದು ಹೋಯಿತು ಅಂದರೆ ಹೋಯಿತು. ಆಟೋಕ್ಯಾಪ್ಚರ್ ಇದ್ದರೆ ಮೂರು ತಿಂಗಳ ಹಿಂದಿನ ಕ್ಲಿಕ್ ಕೂಡ ಅಲ್ಲೇ ಬಿದ್ದಿರುತ್ತದೆ, ಇವತ್ತು ಹೆಸರಿಟ್ಟು ಎತ್ತಿಕೊಳ್ಳಬಹುದು.

ತೊಂದರೆ ಶುರುವಾಗುವುದು ಆ ಹೆಸರಿಡುವಲ್ಲಿ. ಟೂಲ್ ಒಂದು ಬಟನ್ನನ್ನು ಗುರುತಿಸುವುದು ಅದರ ಮೇಲಿರುವ ಪದದಿಂದ, ಅಥವಾ ಪರದೆಯಲ್ಲಿ ಅದು ಕೂತಿರುವ ಜಾಗದಿಂದ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ‘ಕಾರ್ಟ್‌ಗೆ ಹಾಕಿ’ ಅನ್ನುವ ಬಟನ್ ಇತ್ತು. ಡಿಸೈನರ್ ಅದನ್ನು ತೆಗೆದು ಬರೀ ಒಂದು ‘+’ ಚಿಹ್ನೆ ಇಟ್ಟರು. ಚೆನ್ನಾಗಿಯೇ ಕಾಣುತ್ತಿತ್ತು. ಮರುದಿನವೇ ಗ್ರಾಫ್ ಸೊನ್ನೆಗೆ ಬಿದ್ದಿದ್ದರೆ ಟ್ರ್ಯಾಕಿಂಗ್ ಕೈಕೊಟ್ಟಿದೆ ಅಂತ ಯಾರಿಗಾದರೂ ಹೊಳೆಯುತ್ತಿತ್ತು. ಆದರೆ ಎಲ್ಲರೂ ಒಂದೇ ದಿನ ಅಪ್‌ಡೇಟ್ ಮಾಡಿಕೊಳ್ಳುವುದಿಲ್ಲವಲ್ಲ. ಇವತ್ತು ಕೆಲವರು, ವಾರ ಬಿಟ್ಟು ಇನ್ನಷ್ಟು ಜನ. ಹಾಗಾಗಿ ಗ್ರಾಫ್ ನಿಧಾನಕ್ಕೆ ಇಳಿಯುತ್ತಾ ಹೋಯಿತು, ಥೇಟ್ ವ್ಯಾಪಾರ ಕುಸಿಯುತ್ತಿರುವ ಹಾಗೆ. ಬೆಲೆ ಜಾಸ್ತಿಯಾಯಿತಾ, ಪಕ್ಕದ ಆಪ್ ಆಫರ್ ಕೊಟ್ಟಿದೆಯಾ ಅಂತ ಮೀಟಿಂಗ್ ಮೇಲೆ ಮೀಟಿಂಗ್. ಕೊನೆಗೆ ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುತ್ತಿದ್ದವರು, ‘ಏನ್ ಸಾರ್, ಆರ್ಡರ್ ಎಲ್ಲಿ ಕಮ್ಮಿ ಆಗಿದೆ, ನಮಗೆ ಊಟಕ್ಕೆ ಪುರುಸೊತ್ತಿಲ್ಲ’ ಅಂದಾಗಲೇ ನಮಗೆ ಎಚ್ಚರವಾದದ್ದು.

ನಿಮ್ಮ ಆಪ್ ಎರಡು ಭಾಷೆಯಲ್ಲಿರುವುದರಿಂದ ಈ ಕಾಟ ಇನ್ನೂ ಜಾಸ್ತಿ. ಕನ್ನಡದಲ್ಲಿ ‘ಮುಂದೆ’, ಇಂಗ್ಲಿಷಿನಲ್ಲಿ ‘ನೆಕ್ಸ್ಟ್’. ಒಂದೇ ಬಟನ್. ಬಟನ್ ಮೇಲಿನ ಪದ ನೋಡುವ ಟೂಲ್‌ಗೆ ಎರಡು ಬೇರೆ ಬೇರೆ. ಒಂದನ್ನು ಮಾತ್ರ ಎಣಿಸಿ ‘ಅರ್ಧ ಜನ ಇಲ್ಲೇ ಬಿಟ್ಟು ಹೋಗುತ್ತಿದ್ದಾರೆ’ ಅಂತ ನೀವು ತೀರ್ಮಾನ ಮಾಡಿದರೆ ಅದು ಗಿರಾಕಿಗಳ ತಪ್ಪಲ್ಲ.

ಖರ್ಚಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. 2,000 ಜನ ತಿಂಗಳಿಗೆ 10 ಸಲ ಆಪ್ ತೆರೆದು, ಪ್ರತಿ ಸಲ 50 ಕಡೆ ಬೆರಳು ಮುಟ್ಟಿದರೆ 10 ಲಕ್ಷ ಇವೆಂಟ್. ಪೋಸ್ಟ್‌ಹಾಗ್ ತಿಂಗಳಿಗೆ ಪುಕ್ಕಟೆ ಕೊಡುವುದು ಅಷ್ಟನ್ನೇ. ದೀಪಾವಳಿ ತಿಂಗಳು ಬಂದರೆ ದಾಟುತ್ತೀರಿ, ಅದೂ ‘ಹಿಂದೆ’ ಬಟನ್ ಒತ್ತಿದ್ದನ್ನೆಲ್ಲ ಕೂಡಿಡುವುದಕ್ಕೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ‘ಆರ್ಡರ್ ಮಾಡಿ’ ಬಟನ್ ಒತ್ತಿದ ಕೂಡಲೇ ಆರ್ಡರ್ ಆಯಿತಾ? ಗಿರಾಕಿ ಬಟನ್ ಒತ್ತುತ್ತಾರೆ. ಯುಪಿಐ ಆಪ್ ತೆರೆದುಕೊಳ್ಳುತ್ತದೆ. ಅಲ್ಲಿ ಪಿನ್ ತಪ್ಪಾಗಬಹುದು. ಬ್ಯಾಂಕಿನ ಸರ್ವರ್ ಮಲಗಿರಬಹುದು. ದುಡ್ಡು ಹೋಗಿ ‘ಪೆಂಡಿಂಗ್’ ಅಂತ ನಿಂತಿರಬಹುದು. ಅಥವಾ ಅಷ್ಟರಲ್ಲಿ ಹೆಂಡತಿ ‘ಸಕ್ಕರೆ ಮನೇಲಿದೆ, ಬೇಡ’ ಅಂದಿರಬಹುದು. ಇಷ್ಟೂ ನಡೆಯುವುದು ನಿಮ್ಮ ಆಪ್‌ನ ಹೊರಗೆ. ಕ್ಲಿಕ್ ಹಿಡಿಯುವ ಟೂಲ್ ಆಗಲೇ ‘ಆರ್ಡರ್ ಮಾಡಿ: 1’ ಅಂತ ಬರೆದುಕೊಂಡು ಕೂತಿರುತ್ತದೆ.

ಹಾಗಂತ ಕೈಯಿಂದ ಬರೆದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಎಲ್ಲಿ ಬರೆಯುತ್ತೀರಿ ಅನ್ನುವುದು ಮುಖ್ಯ. ನಾನೇ ಮಾಡಿಕೊಂಡ ಒಂದು ಎಡವಟ್ಟು ಹೇಳುತ್ತೇನೆ. ಪೇಮೆಂಟ್ ಆದ ಮೇಲೆ ಬರುವ ‘ಧನ್ಯವಾದ’ ಪರದೆಯಲ್ಲಿ ಆರ್ಡರ್ ಇವೆಂಟ್ ಕಳಿಸುವ ಸಾಲು ಬರೆದಿದ್ದೆ. ಬರೆದದ್ದು ‘ಆನ್ ರೆಸ್ಯೂಮ್’ ಒಳಗೆ. ಅಂದರೆ ಆ ಪರದೆ ಮತ್ತೆ ಕಣ್ಣಿಗೆ ಬಿದ್ದಾಗಲೆಲ್ಲ ಆ ಸಾಲು ಓಡುತ್ತದೆ. ಜನ ಏನು ಮಾಡುತ್ತಿದ್ದರು ಅಂದರೆ, ಧನ್ಯವಾದ ಪರದೆ ನೋಡಿ, ದುಡ್ಡು ನಿಜವಾಗಿ ಹೋಯಿತಾ ಅಂತ ಬ್ಯಾಂಕಿನ ಎಸ್ಸೆಮ್ಮೆಸ್ ತೆರೆದು, ಮತ್ತೆ ಆಪ್‌ಗೆ ವಾಪಸ್ ಬರುತ್ತಿದ್ದರು. ಇನ್ನೊಂದು ಆರ್ಡರ್. ವಾಟ್ಸಾಪ್ ನೋಡಿ ಬಂದರೆ ಮತ್ತೊಂದು. ಡ್ಯಾಶ್‌ಬೋರ್ಡ್ ನೋಡಿ ನಾವೆಲ್ಲ ಬೆನ್ನು ತಟ್ಟಿಕೊಳ್ಳುತ್ತಿದ್ದೆವು. ಅಕೌಂಟ್ಸ್‌ನಲ್ಲಿದ್ದ ಹಿರಿಯರೊಬ್ಬರು ಬ್ಯಾಂಕಿಗೆ ಬಂದ ದುಡ್ಡಿನ ಪಟ್ಟಿ ತಂದು ಟೇಬಲ್ ಮೇಲಿಟ್ಟು, ‘ಇಷ್ಟು ಆರ್ಡರ್ ಆಗಿದ್ದರೆ ಉಳಿದ ದುಡ್ಡು ಎಲ್ಲಿದೆಯಪ್ಪ?’ ಅಂತ ಕೇಳಿದರು.

ಅವತ್ತಿನಿಂದ ನಾನು ಪಾಲಿಸುವುದು ಇಷ್ಟು: ದುಡ್ಡಿಗೆ ಸಂಬಂಧಿಸಿದ್ದನ್ನು ಫೋನಿನಿಂದ ಕಳಿಸುವುದಿಲ್ಲ, ಸರ್ವರ್‌ನಿಂದ ಕಳಿಸುತ್ತೇನೆ. ದುಡ್ಡು ಬಂದ ಮೇಲೆ ಪೇಮೆಂಟ್ ಗೇಟ್‌ವೇ (ನಿಮ್ಮ ಪರವಾಗಿ ದುಡ್ಡು ತೆಗೆದುಕೊಳ್ಳುವ ಸೇವೆ) ನಿಮ್ಮ ಸರ್ವರ್‌ಗೆ ತಾನಾಗಿ ಒಂದು ಸಂದೇಶ ಕಳಿಸುತ್ತದೆ, ಅದಕ್ಕೆ ವೆಬ್‌ಹುಕ್ ಅನ್ನುತ್ತಾರೆ. ಆ ಸುದ್ದಿ ಬಂದಾಗ ‘ಆರ್ಡರ್ ಆಯಿತು’ ಅಂತ ಇವೆಂಟ್ ಹೋಗಲಿ. ವೆಬ್‌ಹುಕ್ ಕೂಡ ಒಮ್ಮೊಮ್ಮೆ ಎರಡು ಸಲ ಬರುತ್ತದೆ, ಹಾಗಾಗಿ ಆರ್ಡರ್ ನಂಬರ್ ನೋಡಿ ಎರಡನೆಯದನ್ನು ಬಿಟ್ಟುಬಿಡಿ. ಫೈರ್‌ಬೇಸ್‌ನ ಲೆಕ್ಕ ಹೋಗಿ ಸೇರುವ ಗೂಗಲ್ ಅನಾಲಿಟಿಕ್ಸ್‌ಗೆ ಸರ್ವರ್‌ನಿಂದ ಕಳಿಸುವ ದಾರಿಗೆ ಮೆಷರ್‌ಮೆಂಟ್ ಪ್ರೋಟೋಕಾಲ್ ಅಂತ ಹೆಸರು. ಅಲ್ಲೊಂದು ಸೂಕ್ಷ್ಮ ಇದೆ. ಈ ಆರ್ಡರ್ ಯಾವ ಫೋನಿನದು ಅಂತ ಅದಕ್ಕೆ ಗೊತ್ತಾಗಬೇಕಾದರೆ ‘ಆಪ್ ಇನ್‌ಸ್ಟೆನ್ಸ್ ಐಡಿ’ ಬೇಕು, ಅಂದರೆ ಆ ಫೋನಿನಲ್ಲಿರುವ ಆಪ್‌ಗೆ ಫೈರ್‌ಬೇಸ್ ಕೊಟ್ಟ ಗುರುತಿನ ಸಂಖ್ಯೆ. ಆರ್ಡರ್ ಶುರುವಾಗುವಾಗಲೇ ಆಪ್‌ನಿಂದ ಆ ಐಡಿಯನ್ನು ಸರ್ವರ್‌ಗೆ ಕಳಿಸಿ ಇಟ್ಟುಕೊಳ್ಳಿ. ಇದನ್ನು ಮರೆತು ಆಮೇಲೆ ಕೂದಲು ಕಿತ್ತುಕೊಂಡವರನ್ನು ನೋಡಿದ್ದೇನೆ.

ಕಿರಾಣಿಯಲ್ಲಿ ಮನೆ ಬಾಗಿಲಲ್ಲಿ ದುಡ್ಡು ಕೊಡುವವರೇ ಜಾಸ್ತಿ ಇರಬಹುದು. ಹಾಗಿದ್ದರೆ ‘ತಲುಪಿತು, ದುಡ್ಡು ಬಂತು’ ಅನ್ನುವ ಸಂಗತಿ ಗಿರಾಕಿಯ ಫೋನಿನಲ್ಲಿ ನಡೆಯುವುದೇ ಇಲ್ಲ. ಡೆಲಿವರಿ ಹುಡುಗ ತನ್ನ ಕಡೆ ಟಿಕ್ ಹಾಕಿದಾಗ ನಡೆಯುತ್ತದೆ. ಅದನ್ನೂ ಸರ್ವರ್‌ನಿಂದಲೇ ಕಳಿಸಿ. ಹಾಗೆಯೇ ಆಪ್‌ನಲ್ಲಿ ಎಲ್ಲ ನೋಡಿ, ಕೊನೆಗೆ ‘ಅಂಗಡಿಗೆ ಫೋನ್ ಮಾಡಿ’ ಒತ್ತಿ ನಿಮ್ಮ ತಂದೆಯವರಿಗೇ ಆರ್ಡರ್ ಹೇಳುವವರು ಇರುತ್ತಾರೆ. ಅನಾಲಿಟಿಕ್ಸ್ ಪ್ರಕಾರ ಅವರು ‘ಕಾರ್ಟ್ ಬಿಟ್ಟು ಹೋದವರು’. ನಿಜದಲ್ಲಿ ಅವರು ನಿಮ್ಮ ಹಳೇ ಗಿರಾಕಿಗಳು. ಆ ಫೋನ್ ಬಟನ್‌ಗೆ ಒಂದು ಇವೆಂಟ್ ಬೇಕೇ ಬೇಕು.

ನನ್ನನ್ನು ಕೇಳಿದರೆ, ನಿಮ್ಮಂಥ ಆಪ್‌ಗೆ ಆರ್ಡರ್ ಬಿಟ್ಟರೆ ಅತಿ ಬೆಲೆಬಾಳುವ ಇವೆಂಟ್ ‘ಹುಡುಕಿದ್ದು ಸಿಗಲಿಲ್ಲ’ ಅನ್ನುವುದು. ದಾವಣಗೆರೆಯವರು ಮಂಡಕ್ಕಿ ಅಂತ ಹುಡುಕುತ್ತಾರೆ. ಧಾರವಾಡದ ಕಡೆಯಿಂದ ಬಂದು ನೆಲೆಸಿದವರು ಚುರುಮುರಿ ಅಂತ ಬರೆಯುತ್ತಾರೆ. ಮೈಸೂರು ಕಡೆಯವರಿಗೆ ಅದು ಪುರಿ. ನಿಮ್ಮ ಪಟ್ಟಿಯಲ್ಲಿ ಅದು ‘ಪಫ್ಡ್ ರೈಸ್’ ಅಂತ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಮೂವರಿಗೂ ಖಾಲಿ ಪರದೆ. ಮಾಲು ಅಂಗಡಿಯಲ್ಲಿ ಚೀಲಗಟ್ಟಲೆ ಇದೆ! ಕಡಲೆಬೇಳೆಯನ್ನು ‘ಕಡ್ಲೆಬೇಳೆ’ ಅಂತ ಬರೆಯುವವರು, ನಡುವೆ ಜಾಗ ಬಿಡುವವರು, ಇಂಗ್ಲಿಷ್ ಅಕ್ಷರದಲ್ಲಿ ತಮಗೆ ತೋಚಿದ ಹಾಗೆ ಒತ್ತುವವರು, ಎಲ್ಲರೂ ಇರುತ್ತಾರೆ. ಆಟೋ ಟೂಲ್ ‘ಹುಡುಕುವ ಪೆಟ್ಟಿಗೆ ಮುಟ್ಟಿದರು’ ಅಂತ ಹೇಳಬಲ್ಲದು. ಏನು ಕೇಳಿದರು, ಎಷ್ಟು ಸಿಕ್ಕಿತು ಅಂತ ಹೇಳಲಾರದು. ನೀವು ಬರೆಯುವ ಇವೆಂಟ್‌ನಲ್ಲಿ ಮೂರು ವಿಷಯ ಇರಲಿ: ಹುಡುಕಿದ ಪದ, ಸಿಕ್ಕ ಸಾಮಾನಿನ ಸಂಖ್ಯೆ, ಆಗ ಆಪ್ ಯಾವ ಭಾಷೆಯಲ್ಲಿತ್ತು. ಸಂಖ್ಯೆ ಸೊನ್ನೆ ಇರುವ ಪದಗಳನ್ನು ವಾರಕ್ಕೊಮ್ಮೆ ತೆಗೆದು ನಿಮ್ಮ ತಂದೆಯವರ ಕೈಗೆ ಕೊಡಿ. ಯಾವುದು ಯಾವ ಸಾಮಾನು ಅಂತ ಅವರು ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಹುಡುಕುವ ಪೆಟ್ಟಿಗೆಯಲ್ಲಿ ಕೆಲವರು ಫೋನ್ ನಂಬರ್ ಕೂಡ ಹೊಡೆದಿರುತ್ತಾರೆ. ಬರೀ ಅಂಕಿ ಇದ್ದರೆ ಕಳಿಸುವ ಮೊದಲೇ ಅಳಿಸಿಬಿಡಿ.

ಹೆಸರಿನ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಒಂದಿದೆ. ಸಾಮಾನಿನ ಹೆಸರನ್ನು ಇವೆಂಟ್ ಹೆಸರಿಗೇ ಅಂಟಿಸುವುದು: ‘ಕಾರ್ಟ್‌ಗೆ ಸೋನಾ ಮಸೂರಿ 25 ಕೆಜಿ’, ‘ಕಾರ್ಟ್‌ಗೆ ಅವಲಕ್ಕಿ ಅರ್ಧ ಕೆಜಿ’. ಫೈರ್‌ಬೇಸ್‌ನಲ್ಲಿ ಬೇರೆ ಬೇರೆ ಇವೆಂಟ್ ಹೆಸರಿಗೆ 500ರ ಮಿತಿ ಇದೆ, ಹೆಸರು 40 ಅಕ್ಷರ ದಾಟಬಾರದು. ಕಿರಾಣಿ ಅಂಗಡಿಗೆ 500 ಯಾವ ಮೂಲೆಗೆ? ಇವೆಂಟ್ ಒಂದೇ ಇರಲಿ, ‘ಕಾರ್ಟ್‌ಗೆ ಹಾಕಿದ್ದು’. ಸಾಮಾನು, ತೂಕ, ಬೆಲೆ ಎಲ್ಲ ಪ್ಯಾರಾಮೀಟರ್ ಆಗಿ, ಅಂದರೆ ಇವೆಂಟ್ ಜೊತೆಗಿನ ವಿವರವಾಗಿ ಹೋಗಲಿ. ಒಂದು ಇವೆಂಟ್‌ಗೆ 25 ಪ್ಯಾರಾಮೀಟರ್ ತನಕ ಬಿಡುತ್ತಾರೆ, ಧಾರಾಳವಾಯಿತು. ಇದನ್ನು ನೀವೇ ಹುಟ್ಟಿಸಿದ ಪ್ಯಾರಾಮೀಟರ್ ಆಗಿ ಕಳಿಸುವುದಾದರೆ ಅನಾಲಿಟಿಕ್ಸ್ ಸೆಟ್ಟಿಂಗ್‌ನಲ್ಲಿ ಅದನ್ನು ‘ಕಸ್ಟಮ್ ಡೈಮೆನ್ಷನ್’ ಅಂತ ನೋಂದಾಯಿಸಲೇಬೇಕು. ಇಲ್ಲದಿದ್ದರೆ ಡೇಟಾ ಹೋಗುತ್ತಿರುತ್ತದೆ, ರಿಪೋರ್ಟ್‌ನಲ್ಲಿ ಕಾಣುವುದಿಲ್ಲ. ನೋಂದಾಯಿಸಿದ ದಿನದಿಂದ ಮಾತ್ರ ಲೆಕ್ಕ. ಅಲ್ಲೇ ಇರುವಾಗ ಡೇಟಾ ರಿಟೆನ್ಷನ್ (ವಿವರವಾದ ಡೇಟಾ ಎಷ್ಟು ದಿನ ಉಳಿಯಬೇಕು) ಅನ್ನುವ ಸೆಟ್ಟಿಂಗನ್ನೂ ನೋಡಿ. ಅದು 2 ತಿಂಗಳಿಗೆ ಇದ್ದರೆ 14 ತಿಂಗಳಿಗೆ ಬದಲಾಯಿಸಿ, ದುಡ್ಡು ಕೊಡಬೇಕಿಲ್ಲ. ಇಲ್ಲವಾದರೆ ಮುಂದಿನ ಯುಗಾದಿಗೆ ಈ ಯುಗಾದಿಯನ್ನು ಹೋಲಿಸಿ ಆಳಕ್ಕೆ ಇಳಿಯಲು ಆಗುವುದಿಲ್ಲ.

ಎಲ್ಲವನ್ನೂ ಹಿಡಿಯುವ ಟೂಲ್ ಬಗ್ಗೆ ನನಗಿರುವ ದೊಡ್ಡ ಹೆದರಿಕೆ ಬೇರೆಯೇ. ಅದು ಹಿಡಿಯಬಾರದ್ದನ್ನೂ ಹಿಡಿಯುತ್ತದೆ. 2018ರ ಫೆಬ್ರವರಿಯಲ್ಲಿ ಮಿಕ್ಸ್‌ಪ್ಯಾನೆಲ್ ತನ್ನ ಗ್ರಾಹಕರಿಗೆ ಒಂದು ವಿಷಯ ಒಪ್ಪಿಕೊಳ್ಳಬೇಕಾಯಿತು. ವೆಬ್‌ಸೈಟ್‌ಗಳಿಗಿದ್ದ ಅವರ ಆಟೋಟ್ರ್ಯಾಕ್ ಸೌಲಭ್ಯ ಕೆಲವು ಕಡೆ ಜನರ ಪಾಸ್‌ವರ್ಡ್‌ಗಳನ್ನೂ ಗೊತ್ತಿಲ್ಲದೆ ಹೊತ್ತು ತಂದಿತ್ತು. ಪಾಸ್‌ವರ್ಡ್ ಹಿಡಿಯಿರಿ ಅಂತ ಯಾರೂ ಹೇಳಿರಲಿಲ್ಲ. ವೆಬ್‌ಸೈಟ್ ಕಟ್ಟಲು ಬಳಸುವ ರಿಯಾಕ್ಟ್ ಅನ್ನುವ ಕೋಡ್ ಲೈಬ್ರರಿಯಲ್ಲಿ 2017ರ ಮಾರ್ಚ್‌ನಲ್ಲಿ ಆದ ಒಂದು ಬದಲಾವಣೆಯಿಂದ, ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಬರೆದದ್ದರ ಪ್ರತಿ ಇನ್ನೊಂದು ಜಾಗದಲ್ಲೂ ಬಂದು ಕೂರತೊಡಗಿತು. ಆಟೋಟ್ರ್ಯಾಕ್ ಆ ಜಾಗವನ್ನು ಓದುತ್ತಿತ್ತು. ಯಾರೋ ಎಲ್ಲೋ ಮಾಡಿದ ಬದಲಾವಣೆ, ಮೈಮೇಲೆ ಬಂದದ್ದು ಇವರಿಗೆ. ಮರುವರ್ಷ ಐಫೋನ್ ಆಪ್‌ಗಳಲ್ಲಿ ಪರದೆಯನ್ನೇ ರೆಕಾರ್ಡ್ ಮಾಡುತ್ತಿದ್ದದ್ದು ಸುದ್ದಿಯಾಗಿ, ಬಳಸುವವರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ ಇಲ್ಲವೇ ತೆಗೆಯಿರಿ ಅಂತ ಆಪಲ್ ಹೇಳಿತು.

ನಮ್ಮಲ್ಲೂ ಈಗ 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಇದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತ ಹಂತವಾಗಿ ಜಾರಿಯಾಗುತ್ತವೆ. ಯಾವ ಮಾಹಿತಿ, ಯಾವ ಕೆಲಸಕ್ಕೆ ಅಂತ ಸ್ಪಷ್ಟವಾಗಿ ಹೇಳಿ ಒಪ್ಪಿಗೆ ಪಡೆಯಬೇಕು. ಆ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕು. ನಿಮಗೆ ಕನ್ನಡ ಹೇಗೂ ಇದೆ. ‘ಎಲ್ಲ ಹಿಡಿದಿಡುತ್ತೇವೆ, ಯಾಕೆ ಅಂತ ಆಮೇಲೆ ನೋಡುತ್ತೇವೆ’ ಅನ್ನುವುದನ್ನು ಆ ನೋಟಿಸ್‌ನಲ್ಲಿ ಹೇಗೆ ಬರೆಯುತ್ತೀರಿ? ನನಗಂತೂ ಬರೆಯಲು ಬರುವುದಿಲ್ಲ. ಕೈಯಿಂದ ಬರೆದ ಹನ್ನೆರಡು ಇವೆಂಟ್ ಆದರೆ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಆಪ್ ಯಾವ ಮಾಹಿತಿ ತೆಗೆದುಕೊಳ್ಳುತ್ತದೆ ಅಂತ ಹೇಳುವ ಪ್ಲೇ ಸ್ಟೋರ್‌ನ ಡೇಟಾ ಸೇಫ್ಟಿ ಫಾರ್ಮ್ ತುಂಬುವಾಗಲೂ ಅದೇ ಹಾಳೆ ಕೈಗೆ ಬರುತ್ತದೆ.

ಆ ಹಾಳೆಯನ್ನು ಡೆವಲಪರ್‌ಗಳಿಗೆ ಬಿಡಬೇಡಿ. ನೀವು, ನಿಮ್ಮ ತಂದೆ, ಅವರಿಬ್ಬರು ಒಟ್ಟಿಗೆ ಒಂದು ಸಂಜೆ ಕೂರಿ. ಒಂದೊಂದು ಇವೆಂಟ್‌ಗೂ ಒಂದು ಸಾಲು: ಹೆಸರು, ಯಾವ ಕ್ಷಣದಲ್ಲಿ ಹೋಗಬೇಕು, ಫೋನಿನಿಂದಲೋ ಸರ್ವರ್‌ನಿಂದಲೋ, ಜೊತೆಗೆ ಏನೇನು ಹೋಗಬೇಕು. ಕೊನೆಯ ಕಾಲಂ, ‘ಈ ಸಂಖ್ಯೆ ಏರಿದರೆ ಇಳಿದರೆ ನಾವು ಏನು ಮಾಡುತ್ತೇವೆ’. ಆ ಕಾಲಂ ತುಂಬಲು ಆಗದ ಇವೆಂಟನ್ನು ಅಲ್ಲೇ ಹೊಡೆದುಹಾಕಿ. ಬರೆದಾದ ಮೇಲೆ ಪರೀಕ್ಷೆಗೆ ಫೈರ್‌ಬೇಸ್‌ನ ಡೀಬಗ್ ವ್ಯೂ ಬಳಸಿ. ಮಾಮೂಲಿಯಾಗಿ ಫೋನ್ ಇವೆಂಟ್‌ಗಳನ್ನು ಕೂಡಿಟ್ಟು ಸುಮಾರು ಗಂಟೆಗೊಮ್ಮೆ ಕಳಿಸುತ್ತದೆ, ಡೀಬಗ್ ಮೋಡ್‌ನಲ್ಲಿ ಆಗಿಂದಾಗಲೇ ಕಾಣುತ್ತದೆ. ಯುಪಿಐ ಆಪ್‌ಗೆ ಹೋಗಿ ಬನ್ನಿ, ನಡುವೆ ಡೇಟಾ ಆಫ್ ಮಾಡಿ, ಪಿನ್ ಬೇಕೆಂದೇ ತಪ್ಪು ಹೊಡೆಯಿರಿ. ಆರ್ಡರ್ ಒಂದೇ ಬಂದರೆ ಸರಿ. ಆಮೇಲೂ ತಿಂಗಳಿಗೊಮ್ಮೆ ಡ್ಯಾಶ್‌ಬೋರ್ಡಿನ ಆರ್ಡರ್ ಸಂಖ್ಯೆಯನ್ನು ಅಂಗಡಿಯ ಬಿಲ್ ಲೆಕ್ಕದ ಜೊತೆ ತಾಳೆ ನೋಡಿ.

ಇಷ್ಟಾದ ಮೇಲೂ ಮೊದಲ ಡೆವಲಪರ್‌ಗೆ ಆಟೋಕ್ಯಾಪ್ಚರ್ ಆಸೆ ಉಳಿದಿದ್ದರೆ, ಒಂದು ಸಂದರ್ಭದಲ್ಲಿ ನಾನು ಅವರ ಪರ. ಹೊಸ ಪರದೆ ಒಂದನ್ನು ಬಿಟ್ಟಿದ್ದೀರಿ, ಜನ ಅಲ್ಲಿ ಏನು ಮಾಡುತ್ತಾರೆ ಅನ್ನುವ ಅಂದಾಜೇ ಇಲ್ಲ. ಆಗ ಆ ಪರದೆಗೆ ಮಾತ್ರ, ಒಂದು ತಿಂಗಳ ಮಟ್ಟಿಗೆ ಹಾಕಿ ನೋಡಲಿ. ಲಾಗಿನ್, ವಿಳಾಸ, ಪೇಮೆಂಟ್ ಈ ಮೂರು ಪರದೆಯಲ್ಲಿ ಅದು ಬಂದ್ ಇರಬೇಕು. ತಿಂಗಳಾದ ಮೇಲೆ, ಅದರಲ್ಲಿ ಕಂಡದ್ದು ಏನಾದರೂ ಕೊನೆಯ ಕಾಲಂ ತುಂಬುವಂತಿದ್ದರೆ ಹಾಳೆಗೆ ಹದಿಮೂರನೆಯ ಸಾಲಾಗಿ ಸೇರಿಸಿ ಕೈಯಿಂದ ಬರೆಯಲಿ.

ಮಂಡಕ್ಕಿ ಹುಡುಕಿ ಬರಿಗೈಲಿ ಹೋದವರು ಎಷ್ಟು ಜನ ಅಂತ ಲೆಕ್ಕ ಸಿಕ್ಕ ಮೇಲೆ ಒಂದು ಸಾಲು ಬರೆದು ಹಾಕಿ. ನನಗೂ ಕುತೂಹಲ ಇದೆ.